ಸಪ್ಪಳವಿಲ್ಲದ ಮನೆ

ಫಕೀರೇಶನಿಗೆ ಬಸ್ಸಿನ ರೋಗ ಕಿವಿಯಿಂದಲೇ ಗೊತ್ತಾಗುತ್ತಿತ್ತು. ಗಾಡಿ ಡಿಪೋದೊಳಗೆ ಬಂದು ನಿಂತರೆ ಸಾಕು, ಬಾನೆಟ್ ಎತ್ತುವ ಮೊದಲೇ "ಬೆಲ್ಟ್ ಸಡಲಾಗೈತಿ" ಎಂದೋ "ಬೇರಿಂಗ್ ಹೋಗೈತಿ" ಎಂದೋ ಹೇಳಿಬಿಡುತ್ತಿದ್ದ. ಅವನು ಹೇಳಿದ್ದು ಸುಳ್ಳಾಗುವುದು ಅಪರೂಪ. ಅಂಥ ಮೆಕ್ಯಾನಿಕ್ ತನ್ನ ಮಗಳ ವಿಷಯದಲ್ಲಿ ಹೇಗೆ ಎಡವಿದ, ಎಡವಿ ಹೇಗೆ ಎದ್ದ ಅನ್ನುವುದೇ ಈ ಕಥೆ. ಎಡವುವುದು ದೊಡ್ಡ ವಿಷಯವಲ್ಲ ಮಕ್ಕಳೇ, ನಾವೆಲ್ಲ ದಿನಕ್ಕೊಮ್ಮೆ ಎಡವುವವರೇ. ಅವನು ಎದ್ದ ರೀತಿ ನನಗೆ ಬಹಳ ಇಷ್ಟ, ಅದಕ್ಕೇ ಹೇಳುತ್ತಿದ್ದೇನೆ.

ಫಕೀರೇಶನ ಹೆಂಡತಿ ಕಸ್ತೂರಿ. ಇವರಿಗೆ ಒಬ್ಬಳೇ ಮಗಳು, ಒಂಬತ್ತು ವರ್ಷದ ಶಾಂಭವಿ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುವುದಿಲ್ಲ. ಬಾಯಿ ಮಾತ್ರ ಮೂರು ಮಂದಿಯದು. ಈ ಮೂವರು ಇದ್ದದ್ದು ನೇಕಾರರ ಓಣಿಯ ಕಟ್ಟಕಡೆಯ ಬಾಡಿಗೆ ಮನೆಯಲ್ಲಿ.

ಓಣಿ ಇಕ್ಕಟ್ಟಾಗಿತ್ತು. ಹೊತ್ತು ಹುಟ್ಟಿದರೆ ಮನೆಮನೆಯಲ್ಲೂ ಮಗ್ಗ ಲಟಕ್ ಪಟಕ್ ಎಂದು ಶುರುವಾಗುತ್ತಿತ್ತು. ನಡುವೆ ಮಾಬೂಬಿಯ ಹಿಟ್ಟಿನ ಗಿರಣಿ ಬೇರೆ. ಓಣಿಯ ತಿರುವಿನಲ್ಲಿ ಬಾಯಿ ತೆರೆದುಕೊಂಡ ಗಟಾರ. ಫಕೀರೇಶನದು ನಸುಕಿನ ಪಾಳಿ. ಊರು ಏಳುವ ಮೊದಲೇ ಡಿಪೋಕ್ಕೆ ಹೋಗಿ, ಮಧ್ಯಾಹ್ನ ಬಂದು ಉಂಡು ಮಲಗಿದರೆ, ಮಗ್ಗಗಳೆಲ್ಲ ತನ್ನ ತಲೆಯ ಮೇಲೇ ಬಡಿದುಕೊಂಡಂತೆ ಅನಿಸುತ್ತಿತ್ತು. "ಇದೇನು ಮನಿಯೋ, ಸಂತಿಯೋ!" ಎಂದು ಗೊಣಗುತ್ತ ತಲೆದಿಂಬನ್ನು ಕಿವಿಯ ಮೇಲೆ ಒತ್ತಿಕೊಳ್ಳುತ್ತಿದ್ದ.

ಹನ್ನೊಂದು ವರ್ಷ ಕಾದ ಮೇಲೆ ಅವನಿಗೆ ಡಿಪೋದ ಕ್ವಾರ್ಟರ್ಸಿನ ಸರದಿ ಬಂತು. ಊರಿನಿಂದ ಏಳು ಕಿಲೋಮೀಟರ್ ದೂರ. ಹೊಸ ಕಟ್ಟಡ, ನೆಲಮಹಡಿ, ಒಂದೂ ಮೆಟ್ಟಿಲಿಲ್ಲ. ಸುತ್ತ ಕಾಂಪೌಂಡು, ಮುಂದೆ ಗೇಟು, ಅಂಗಳದಲ್ಲಿ ಬೇವಿನ ಮರ. ಆಫೀಸಿನ ಗುಮಾಸ್ತ ಕೀಲಿಗೊಂಚಲು ಕೈಗಿಟ್ಟು, "ಮನಿ ನೋಡ್ಕೊಂಡು ಹತ್ತ ದಿನದಾಗ ಬಂದು ಸಹಿ ಮಾಡ್ರಿ. ಬ್ಯಾಡಾದ್ರ ನಿಮ್ಮ ಹೆಸರು ಪಟ್ಟಿಯ ತಳಕ್ಕ ಹೋಗತೈತಿ. ಮತ್ತ ಸರದಿ ಬರೂದ್ರಾಗ ನೀವು ರಿಟೈರ್ ಆಗಿರ್ತೀರಿ" ಎಂದ.

ಫಕೀರೇಶನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನ ಆಸೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ ನೋಡಿ. ಮಗಳು ಗಟಾರಕ್ಕೆ ಬೀಳಬಾರದು, ಸೈಕಲ್ಲಿಗೆ ಸಿಗಬಾರದು, ಅಷ್ಟೇ. ಗದ್ದಲವಿಲ್ಲದ ಜಾಗ ಅಂದರೆ ಅಪಾಯವಿಲ್ಲದ ಜಾಗ ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಕಸ್ತೂರಿ ಕೇಳಿದಳು: "ಮನಿ ಚಲೋನ ಐತಿ. ಆದ್ರ ಅನಸೂಯಾ ಟೀಚರ್ ಅಲ್ಲಿಗೆ ಬರಂಗಿಲ್ಲಂತಲ್ರಿ?"

ಈ ಅನಸೂಯಾ ಟೀಚರ್ ಪ್ರತಿ ಗುರುವಾರ ಶಾಂಭವಿಯ ಶಾಲೆಗೆ ಬಂದು ಅವಳಿಗೆ ಬ್ರೈಲ್ ಓದುವುದನ್ನೂ ಬಿಳಿ ಕೋಲು ಹಿಡಿದು ನಡೆಯುವುದನ್ನೂ ಕಲಿಸುತ್ತಿದ್ದರು. ಕ್ವಾರ್ಟರ್ಸು ಇದ್ದದ್ದು ಪಕ್ಕದ ತಾಲೂಕಿನಲ್ಲಿ. ಅಲ್ಲಿ ಅಂಥ ಟೀಚರ್ ಹುದ್ದೆ ಎರಡು ವರ್ಷದಿಂದ ಖಾಲಿ ಇತ್ತು.

"ನಾ ಗಾಡಿ ಮ್ಯಾಲ ಇದ ಸಾಲಿಗೆ ಕರ್ಕೊಂಡು ಬರ್ತೀನಿ."

"ಮುಂಜಾನಿ ಹತ್ತಕ್ಕ ಸಾಲಿ. ಆವಾಗ ನೀವು ಬಸ್ಸಿನ ಬುಡದಾಗ ಮಕ್ಕೊಂಡಿರ್ತೀರಿ."

 ಮಾತಿನಲ್ಲಿ ಸಿಕ್ಕಿಬಿದ್ದ ಗಂಡಸರು ಮಾಡುವುದನ್ನೇ ಫಕೀರೇಶನೂ ಮಾಡಿದ, ದನಿ ಏರಿಸಿದ. ಕಸ್ತೂರಿ ರೊಟ್ಟಿ ಬಡಿಯತೊಡಗಿದಳು.

ಭಾನುವಾರ ಮೂವರೂ ಹೊಸ ಮನೆ ನೋಡಲು ಹೋದರು. ಶಾಂಭವಿ ಗೋಡೆ ಮುಟ್ಟಿ, "ಎಷ್ಟ ನುಣ್ಣಗ ಐತಿ!" ಎಂದು ಹಿಗ್ಗಿದಳು. ಕೋಣೆ ಕೋಣೆ ತಿರುಗಿದಳು. ಆಮೇಲೆ ಕೋಲು ಹಿಡಿದು ಅಂಗಳಕ್ಕಿಳಿದು ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟಳು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಏನನ್ನೋ ಹುಡುಕಿದಳು.

"ಅಪ್ಪಾ, ಇಲ್ಲೆ ಯಾರೂ ಇಲ್ಲೇನು?"

"ಅದಾರವ್ವ. ಬಾಗಲಾ ಹಾಕ್ಕೊಂಡಾರ."

"ಮತ್ತ ನಾ ಎಲ್ಲಿ ಬಂದೀನಂತ ನನಗ ಹೆಂಗ ಗೊತ್ತಾಗಬೇಕು?"

ಮೆಕ್ಯಾನಿಕ್ಕಿಗೆ ಕೆಟ್ಟದ್ದನ್ನು ರಿಪೇರಿ ಮಾಡುವುದೇ ಕೆಲಸ. ಫಕೀರೇಶ ತಕ್ಷಣ ಬಾಗಿಲಿಂದ ಗೇಟಿನವರೆಗೆ ಒಂದು ಹಗ್ಗ ಬಿಗಿದು ಕಟ್ಟಿದ. "ಇದನ್ನ ಹಿಡಕೊಂಡು ಹೋಗು, ಬಾ. ಆತಿಲ್ಲೋ?" ಶಾಂಭವಿ ಹಗ್ಗ ಹಿಡಿದು ಗೇಟಿನವರೆಗೆ ಹೋಗಿ ಬಂದಳು.

"ಗೇಟಿನ ಆಚಿಗೆ?"

"ಗೇಟಿನ ಆಚಿಗೆ ನೀ ಯಾಕ ಹೋಗಬೇಕವ್ವ? ನಾವಿಲ್ಲೇನು?"

 ಊರು ಮುಟ್ಟುವವರೆಗೂ ಶಾಂಭವಿ ಒಂದು ಮಾತೂ ಆಡಲಿಲ್ಲ. ಆ ಹುಡುಗಿ ಸುಮ್ಮನಿದ್ದಾಳೆ ಅಂದರೆ ಏನೋ ಕೆಟ್ಟಿದೆ ಎಂದು ಯಾರಿಗಾದರೂ ಗೊತ್ತಾಗಬೇಕಿತ್ತು. ಎಂಜಿನ್ ಸುಮ್ಮನಾದರೆ ಓಡಿ ಬರುವ ಫಕೀರೇಶನಿಗೆ ಅವತ್ತು ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಕಸ್ತೂರಿ ಹೇಳಿದಳು: "ಇಲ್ಲಿ ಅಕಿ ಸಾಲಿಗೆ ಒಬ್ಬಾಕೇ ಹೋಗ್ತಾಳ. ಮಗ್ಗದ ಸಪ್ಪಳ, ಗಿರಣಿ ಸಪ್ಪಳ ಹಿಡದು ದಾರಿ ಕಂಡುಕೋತಾಳ. ನೀವು ಒಂದ ದಿನಾನೂ ನೋಡಿಲ್ಲ."

ಅದು ನಿಜ. ಮಗಳು ಹೊರಡುವ ಹೊತ್ತಿಗೆ ಅವನು ಡಿಪೋದಲ್ಲಿರುತ್ತಿದ್ದ. ಅವನಿಗೆ ರಜೆ ಇದ್ದ ಭಾನುವಾರ ಶಾಲೆಗೂ ರಜೆ. ಆದರೂ ಅವನು ಸೋಲಲಿಲ್ಲ.

"ಹಂಗಾದ್ರ ಅಮಾಸಿ ದಿನ ಏನ್ ಮಾಡ್ತಾಳ?"

ಒಳ್ಳೆಯ ಪ್ರಶ್ನೆಯೇ. ಆ ಓಣಿಯಲ್ಲಿ ಅಮಾವಾಸ್ಯೆಯ ದಿನ ಯಾರೂ ನೇಯುವುದಿಲ್ಲ. ಮಗ್ಗ ಒರೆಸಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ ಬಿಟ್ಟರೆ ಮರುದಿನದವರೆಗೆ ಅದನ್ನು ಮುಟ್ಟುವಂತಿಲ್ಲ. ಅವತ್ತು ಬೀಸಲು ಕಾಳು ತರುವವರೂ ಇಲ್ಲದ್ದರಿಂದ ಗಿರಣಿಯೂ ನಿಲ್ಲುತ್ತದೆ. ಓಣಿಗೆ ಓಣಿಯೇ ಮೌನ.

"ಬರೂ ಶುಕ್ರವಾರ ಅಮಾಸಿ. ಅವತ್ತ ರಜಾ ಹಾಕಿ ಅಕಿ ಹಿಂದಿಂದ ಹೋಗ್ತೀನಿ" ಎಂದ ಫಕೀರೇಶ. "ಅಕಿಗೆ ದಾರಿ ತಿಳೀಲಿಲ್ಲಂದ್ರ ಅವತ್ತ ಸಂಜಿಗೇ ಸಹಿ. ತಿಳೀತಂದ್ರ ನೀ ಹೇಳಿದಂಗ."

ಕಸ್ತೂರಿ ಸೆರಗಿನಿಂದ ನಗು ಮುಚ್ಚಿಕೊಂಡಳು. "ಆಗಲ್ರಿ. ಚಪ್ಪಲಿ ಮಾತ್ರ ಬಿಟ್ಟು ಹೋಗ್ರಿ. ಇಲ್ಲಂದ್ರ ಅಕಿಗೆ ಗೊತ್ತಾಗತೈತಿ."

ಶುಕ್ರವಾರ ಬಂತು. ಓಣಿಯಲ್ಲಿ ಒಂದು ಮಗ್ಗವೂ ಮಿಸುಕಲಿಲ್ಲ. ಶಾಂಭವಿ ಚೀಲ ಹೆಗಲಿಗೇರಿಸಿ, ಕೋಲು ಹಿಡಿದು ಹೊಸ್ತಿಲ ಹೊರಗೆ ನಿಂತಳು. ನಿಂತೇ ಇದ್ದಳು. ಹಿಂದೆ ಬರಿಗಾಲಲ್ಲಿ ನಿಂತ ಫಕೀರೇಶ, 'ನಾ ಹೇಳಿರಲಿಲ್ಲೇನು' ಎಂದುಕೊಂಡ. ಆದರೆ ನಿಂತ ಮಗಳನ್ನು ಮತ್ತೊಮ್ಮೆ ನೋಡಿದ. ತಾನು ಗೆದ್ದರೆ ಮಗಳು ಹೀಗೆ ದಾರಿ ಕಾಣದೆ ನಿಲ್ಲುತ್ತಾಳೆ ಎಂಬುದನ್ನು ಅವನು ಯೋಚಿಸಿಯೇ ಇರಲಿಲ್ಲ. ಗೆಲ್ಲುವುದು ಬೇಡವಾಗಿ, ಅವಳ ಕೈ ಹಿಡಿಯಲು ಮುಂದೆ ಹೆಜ್ಜೆ ಇಟ್ಟ.

ಅಷ್ಟರಲ್ಲಿ ಕೇಳಿಸಿತು. ಟಕ್. ಟಕ್ ಟಕ್.

ಎಂಬತ್ತರ ಹತ್ತಿರದ ನೇಕಾರ ತಿಪ್ಪಣ್ಣಜ್ಜ ತನ್ನ ಮನೆಯ ಕಟ್ಟೆಯ ಮೇಲೆ ಕೂತು, ಮಗ್ಗದಲ್ಲಿ ನೂಲು ಓಡಿಸುವ, ಈಗ ಸವೆದುಹೋದ ಎರಡು ಹಳೆಯ ಲಾಳಿಗಳನ್ನು ಒಂದಕ್ಕೊಂದು ಬಡಿಯುತ್ತಿದ್ದ. ಅರವತ್ತು ವರ್ಷದಿಂದ ಅಮಾವಾಸ್ಯೆಗೆ ಮಗ್ಗ ಮುಟ್ಟದ ಮನುಷ್ಯ ಅವತ್ತೂ ಮುಟ್ಟಿರಲಿಲ್ಲ. ಮೂಲೆಗೆ ಬಿದ್ದ ಲಾಳಿಯನ್ನು ಮುಟ್ಟಬಾರದು ಅಂತ ಯಾರೂ ಹೇಳಿಲ್ಲವಲ್ಲ! ನೇಮವೂ ಉಳಿಯಿತು, ಹುಡುಗಿಗೆ ದಾರಿಯೂ ಸಿಕ್ಕಿತು. ಎಂಥ ಜಾಣ ನಮ್ಮ ಅಜ್ಜ!

ಶಾಂಭವಿ ಸರಸರ ನಡೆದಳು. ಕಟ್ಟೆಯ ಮುಂದೆ ಬಂದಾಗ ಅಜ್ಜ ಕೀಟಲೆ ಮಾಡಿದ: "ಏ ಹುಡುಗಿ, ರಿಬ್ಬನ್ ಬಿಚ್ಚಿ ನೆಲಾ ಗುಡಸಾಕತ್ತೈತಿ ನೋಡು."

"ಸುಳ್ಳ ಹೇಳಬ್ಯಾಡಜ್ಜ. ಅವ್ವ ಗಟ್ಟಿ ಕಟ್ಯಾಳ" ಎನ್ನುತ್ತ ಅವಳು ಮುಂದೆ ಹೋದಳು.

ಲಾಳಿಯ ಸಪ್ಪಳ ಹಿಂದೆ ಉಳಿಯುವಷ್ಟರಲ್ಲಿ ಮುಂದಿನಿಂದ ಡಬ ಡಬ ಕೇಳಿಸಿತು. ಬೀಗ ಹಾಕಿದ ಗಿರಣಿಯ ಮುಂದೆ ಮಾಬೂಬಿ ಖಾಲಿ ಹಿಟ್ಟಿನ ಡಬ್ಬಿಯನ್ನು ಸೌಟಿನಿಂದ ಬಡಿಯುತ್ತ ನಿಂತಿದ್ದಳು. ಅದನ್ನೂ ದಾಟಿದರೆ ತಿರುವು, ತಿರುವಿನಲ್ಲಿ ಗಟಾರ. ಫಕೀರೇಶ ದಾಪುಗಾಲು ಹಾಕಿ ಅವಳ ಬೆನ್ನಿಗೇ ಬಂದ. ಅಲ್ಲಿ ನೀಲವ್ವ ಎಂಬ ಹೆಂಗಸು ಗಟಾರದ ಅಂಚಿಗೇ ಮಣೆ ಹಾಕಿಕೊಂಡು ಕಬ್ಬಿಣದ ಕುಟ್ಟಾಣಿಯಲ್ಲಿ ಠಣ್ ಠಣ್ ಎಂದು ಕುಟ್ಟುತ್ತಿದ್ದಳು. ಫಕೀರೇಶ ಬಗ್ಗಿ ನೋಡಿದ. ಕುಟ್ಟಾಣಿಯಲ್ಲಿ ಏನೂ ಇರಲಿಲ್ಲ. ಶಾಂಭವಿ ಆ ಸದ್ದಿನಿಂದ ದೂರ ಸರಿದು, ಗೋಡೆಯ ಮಗ್ಗುಲಿಗೆ ತಿರುಗಿ, ನೆಟ್ಟಗೆ ಶಾಲೆಯ ಗೇಟಿಗೆ ಹೋಗಿ ನಿಂತಳು. ಅಲ್ಲಿ ನಿಂತು, ಹಿಂದೆ ತಿರುಗದೆಯೇ ಹೇಳಿದಳು:

"ಅಪ್ಪಾ, ನಾಳೆ ಬರೂದಾದ್ರ ಚಪ್ಪಲಿ ಹಾಕ್ಕೊಂಡು ಬಾ. ಕಾಲಿಗೆ ಹರಳು ಚುಚ್ಚತಾವು."

"ನಾನಂತ ಹೆಂಗ ಗೊತ್ತಾತವ್ವ?"

"ಹೊಸಾ ಮನಿ ಕೀಲಿ. ನಿನ್ನ ಕಿಸೆದಾಗ ಗಿಲಿಗಿಲಿ ಅನ್ನಾಕತ್ತೈತಿ."

ಫಕೀರೇಶ ಅವಳ ಮುಂದೆ ಮೊಣಕಾಲೂರಿ ಕೂತ. "ಬಾಗಲದಾಗ ಯಾಕ ನಿಂತಿದ್ದಿ? ಅಂಜಿಕಿ ಬಂದಿತ್ತೇನು?"

"ಅಂಜಿಕಿ ಯಾಕ? ಅಜ್ಜ ಎಲಿ ಅಡಿಕಿ ಹಾಕ್ಕೊಂಡು ಹೊರಗ ಬರೂದು ತಡಾ ಆಗತೈತಿ. ಅಮಾಸಿಗೊಮ್ಮೆ ಅಷ್ಟ ಕಾಯಬೇಕು." ಹಾಗೆಂದವಳು ದನಿ ಇಳಿಸಿದಳು. "ಹೋಗೂದೇನು ಹಗರ. ಬರೂದ ಕಷ್ಟಪ್ಪಾ."

"ಯಾಕ?"

"ಎಲ್ಲಾರ ಮನಿಗೂ ಒಂದೊಂದ ಸಪ್ಪಳ ಐತಿ. ನಮ್ಮ ಮನಿಗಷ್ಟ ಇಲ್ಲ. ನೀ ಮಲಗಿರ್ತಿ, ಸಪ್ಪಳ ಮಾಡಬಾರದಂತ ಅವ್ವ ಹೇಳ್ಯಾಳ. ಅದಕ್ಕ ಅಜ್ಜನ ಮನಿಂದ ಹದಿನೇಳ ಹೆಜ್ಜಿ ಎಣಸ್ತೀನಿ. ಯಾರರ ಮಾತಾಡ್ಸಿದ್ರ ಎಣಿಕಿ ತಪ್ಪತೈತಿ. ಒಮ್ಮೊಮ್ಮೆ ಮುಂದಿನ ಗ್ವಾಡಿಗೆ ಹೋಗಿ ಬಡೀತೀನಿ."

ಶಾಲೆಯ ಗಂಟೆ ಹೊಡೆಯಿತು. ಅವಳು ಒಳಗೆ ಓಡಿದಳು. ಫಕೀರೇಶ ಅಲ್ಲೇ ಕೂತ. ಊರ ಬಸ್ಸುಗಳ ಸದ್ದನ್ನೆಲ್ಲ ಬಲ್ಲವನಿಗೆ ತನ್ನ ಬಾಗಿಲಿನ ಮೌನ ಒಂದು ದಿನವೂ ಕೇಳಿಸಿರಲಿಲ್ಲ. ನಾಚಿಕೆಯಿಂದ ಅವನ ಕಣ್ಣು ತುಂಬಿತು. ದೊಡ್ಡವರು ಅಳುವುದು ಕಂಡರೆ ನಗಬೇಡಿ ಮಕ್ಕಳೇ, ಕೆಲವು ಸಲ ಅದು ಒಳ್ಳೆಯ ಲಕ್ಷಣ.

ತಿರುಗಿ ಬರುವಾಗ ತಿಪ್ಪಣ್ಣಜ್ಜನ ಕಟ್ಟೆಯ ಮುಂದೆ ನಿಂತು ಕೇಳಿದ: "ಅಜ್ಜಾ, ಎಷ್ಟ ದಿನದಿಂದ ಹಿಂಗ ಮಾಡಾಕತ್ತೀರಿ?"

"ಅಕಿ ಒಂದನೇ ಕ್ಲಾಸಿನ್ಯಾಗ ಇದ್ದಾಗಿಂದ."

"ನನಗ ಯಾರೂ ಹೇಳಲೇ ಇಲ್ಲಲ್ರಿ!"

"ಇದನ್ನೇನು ಹೇಳೂದೋ ತಮ್ಮಾ? ಅಮಾಸಿಗೆ ಮಗ್ಗಕ್ಕ ರಜಾ ಐತಿ, ಕೂಸಿನ ಸಾಲಿಗೆ ರಜಾ ಇಲ್ಲಲ್ಲ" ಎಂದು ಅಜ್ಜ ಲಾಳಿಗಳನ್ನು ಒರೆಸಿ ಒಳಗಿಟ್ಟ.

ಅವತ್ತೇ ಮಧ್ಯಾಹ್ನ ಫಕೀರೇಶ ಆಫೀಸಿಗೆ ಹೋಗಿ ಕೀಲಿಗೊಂಚಲು ಗುಮಾಸ್ತನ ಮೇಜಿನ ಮೇಲಿಟ್ಟ. ಹನ್ನೊಂದು ವರ್ಷ ಕಾದವನು ಹೀಗೆ ಮಾಡಿದ್ದು ಕಂಡು ಗುಮಾಸ್ತ, "ತಲಿ ಗಿಲಿ ಕೆಟ್ಟೈತೇನ್ರಿ?" ಎಂದ. ಪಟ್ಟಿಯಲ್ಲಿ ಮುಂದಿನ ಹೆಸರು ಡ್ರೈವರ್ ದಸ್ತಗೀರನದು. ಅವನ ಮಗನಿಗೆ ಗದ್ದಲ ಅಂದರೆ ಆಗದು. ಸ್ವಲ್ಪ ಸದ್ದಾದರೂ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ, ಬಾಗಿಲು ತೆರೆದಿದ್ದರೆ ರಸ್ತೆಗೆ ಓಡಿಬಿಡುತ್ತಿದ್ದ. ಆ ಹುಡುಗ ಕ್ವಾರ್ಟರ್ಸಿಗೆ ಹೋದ ಮೇಲೆ ಬೇವಿನ ಮರದ ಕೆಳಗೆ ಹಾಯಾಗಿ ಕೂತು ಆಡತೊಡಗಿದ. ಶಾಂಭವಿಯನ್ನು ಕಟ್ಟಿಹಾಕಿದ ಅದೇ ಮೌನ, ಅದೇ ಗೇಟು, ಅವನಿಗೆ ಅಮೃತವಾಯಿತು.

ಇನ್ನು ನಮ್ಮ ಫಕೀರೇಶ ಕೈ ಕಟ್ಟಿ ಕೂರಲಿಲ್ಲ. ಓಣಿಯವರು ನೋಡಿಕೊಳ್ಳುತ್ತಾರೆ, ನಾನು ಮಲಗುತ್ತೇನೆ ಅನ್ನಲಿಲ್ಲ. ಮರುದಿನ ಮಧ್ಯಾಹ್ನ ಗುಜರಿಯಿಂದ ದಪ್ಪ ತಗಡು ತಂದು ಗಟಾರದ ಬಾಯಿ ಮುಚ್ಚಿದ. ಮನೆಯ ಮಾಲೀಕರನ್ನು ಕೇಳಿ ಬಾಗಿಲ ಮುಂದಿದ್ದ ಎತ್ತರದ ಮೆಟ್ಟಿಲನ್ನು ಒಡೆದು ಇಳಿಜಾರು ಮಾಡಿದ. ಕೊನೆಗೆ, ಹಳೆಯ ಬಸ್ಸಿನಲ್ಲಿ ಕಂಡಕ್ಟರ್ ಹಗ್ಗ ಎಳೆದು ಬಾರಿಸುತ್ತಿದ್ದ ಗಂಟೆಯೊಂದನ್ನು ಅದೇ ಗುಜರಿಯಿಂದ ಹುಡುಕಿ ತಂದು ತನ್ನ ಬಾಗಿಲಿಗೆ ಕಟ್ಟಿದ.

ಸೋಮವಾರ ಶಾಲೆ ಬಿಡುವ ಹೊತ್ತಿಗೆ ಅವನು ಮಲಗಿರಲಿಲ್ಲ. ಹೊಸ್ತಿಲ ಮೇಲೆ ಕೂತು ಹಗ್ಗ ಹಿಡಿದಿದ್ದ. ಶಾಂಭವಿ ಅಜ್ಜನ ಕಟ್ಟೆ ದಾಟುತ್ತಲೇ ಟಿಣ್ ಟಿಣ್ ಎಂದು ಎರಡು ಸಲ ಎಳೆದ. ಬಸ್ಸಿನ ಭಾಷೆಯಲ್ಲಿ ಅದು ಹೊರಡು ಎಂದು. ಅವಳು ಒಂದು ಕ್ಷಣ ಕಿವಿಗೊಟ್ಟು ನಿಂತಳು. ಆಮೇಲೆ ನಕ್ಕು, ಹಿಂದಿದ್ದ ಅಜ್ಜನೊಂದಿಗೆ ಜೋರಾಗಿ ಮಾತಾಡುತ್ತಲೇ ನಡೆದು ಬಂದಳು. ಹೊಸ್ತಿಲ ಹತ್ತಿರ ಬಂದಾಗ ಅವನು ಒಂದೇ ಸಲ ಎಳೆದ. ಟಿಣ್. ನಿಲ್ಲು ಎಂದು. ಅವಳು ಸರಿಯಾಗಿ ಬಾಗಿಲ ಎದುರೇ ನಿಂತಳು.

"ಇಳೀರಿ, ಇಳೀರಿ, ಮನಿ ಬಂತು!" ಎಂದು ಕೂಗಿದ ಫಕೀರೇಶ. "ಎಷ್ಟ ಹೆಜ್ಜಿ ಆದ್ವವ್ವ?"

ಶಾಂಭವಿ ಕೈ ಚಾಚಿ ಗಂಟೆಯ ಹಗ್ಗವನ್ನು ಹುಡುಕಿ ಹಿಡಿದುಕೊಂಡಳು.

"ಎಣಸಲೇ ಇಲ್ಲಪ್ಪಾ."

ನೀತಿ: ವಿಶೇಷ ಅಗತ್ಯವಿರುವ ಮಗುವಿಗೆ ಮನೆ ಆರಿಸುವಾಗ ಗೋಡೆ ಗೇಟುಗಳನ್ನಷ್ಟೇ ನೋಡಬೇಡಿ. ಮೊದಲು ಆ ಮಗುವಿನ ಹಿಂದೆ ಒಂದು ದಿನ ನಡೆದು ನೋಡಿ. ಅದಕ್ಕೆ ಏನು ಬೇಕು, ಹೊಸ್ತಿಲ ಆಚೆ ಅದರ ಜೊತೆಗೆ ಯಾರು ಯಾರಿದ್ದಾರೆ ಎಂದು ತಿಳಿದುಕೊಳ್ಳಿ. ಒಂದು ಮಗುವಿಗೆ ಒಗ್ಗಿದ ಮನೆ ಇನ್ನೊಂದಕ್ಕೆ ಒಗ್ಗಲಿಕ್ಕಿಲ್ಲ. ನೆರೆಯವರು ನಿಮ್ಮ ಮಗುವಿಗೆ ದಾರಿ ತೋರುತ್ತಿದ್ದರೆ ಅವರಿಗೆ ಕೈ ಮುಗಿಯಿರಿ, ಮುಗಿದು ಸುಮ್ಮನಾಗಬೇಡಿ. ನಿಮ್ಮ ಬಾಗಿಲಿಗೂ ಒಂದು ಗಂಟೆ ಕಟ್ಟಿ.