ಹದ್ದಿನ ಮರಿಯ ಮೌಖಿಕ ಪರೀಕ್ಷೆ

ವಿಮಾನ ಇಳಿಯುವ ಬಯಲಿನ ಅಂಚಿಗೆ ಒಂದು ಬೇವಿನ ಮರ. ಅದರಲ್ಲಿ ಗೂಡು ಕಟ್ಟಿದ್ದ ಕಾಜಾಣವೇ ಆ ಸೀಮೆಯ ಹಕ್ಕಿಗಳಿಗೆಲ್ಲ ಪರೀಕ್ಷಕ. ಬಾನಿನ ಕಟ್ಟಳೆ ತಿಳಿದಿದೆಯೆಂದು ಅದು ಒಪ್ಪಿದ ಮೇಲೆಯೇ ಹಕ್ಕಿಮರಿಗಳು ಒಂಟಿಯಾಗಿ ಹಾರಬಹುದಿತ್ತು.

ಹದ್ದಿನ ಮರಿಯೊಂದು ಕಟ್ಟಳೆಗಳನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸುತ್ತಿತ್ತು. ಪರೀಕ್ಷೆಯ ದಿನ ಅದು ದೂರದಿಂದಲೇ, "ಗುರುಗಳೇ, ಬರುತ್ತಿದ್ದೇನೆ!" ಎಂದು ಕೂಗಿ ನೇರವಾಗಿ ಮರದತ್ತ ನುಗ್ಗಿತು. ಕಾಜಾಣ ಬಾಣದಂತೆ ಬಂದು, ನೆತ್ತಿ ಕುಕ್ಕಿ ಹಿಂದಕ್ಕೆ ಅಟ್ಟಿತು.

"ಇದೆಂಥ ಅನ್ಯಾಯ!" ಎಂದಿತು ಮರಿ. "ಗೂಡಿನ ಸುತ್ತಲ ಗಾಳಿ ನಿಮ್ಮದು, ಒಳಗೆ ಬರುವವರು ಕೂಗಿ ಹೇಳಬೇಕು. ಕಟ್ಟಳೆ ನನಗೆ ಗೊತ್ತು. ನಾನು ಕೂಗಲಿಲ್ಲವೇ?"

"ಕೂಗಿದೆ, ನನಗೆ ಕೇಳಿಸಿತು. ನಾನು ಬಾ ಎಂದದ್ದು ನಿನಗೆ ಕೇಳಿಸಿತೇ?"

ಮರಿ ಪೆಚ್ಚಾಗಿ ದೂರ ಸರಿದು ಮತ್ತೆ ಕೂಗಿತು. ಉತ್ತರವಿಲ್ಲ. ಆಚೆಯೇ ಸುತ್ತು ಹಾಕುತ್ತ ಕಾದಿತು. ರೆಕ್ಕೆ ಸೋತು, ಇಷ್ಟೊಂದು ಬಿಗುಮಾನವೇ ಎಂದು ಸಿಟ್ಟೂ ಬಂತು. ಅಷ್ಟರಲ್ಲಿ ಗೂಡಿನ ಅಂಚಿನಲ್ಲಿ ಕಾಜಾಣದ ಎರಡು ಮರಿಗಳು ಕಾಣಿಸಿಕೊಂಡವು. ಒಂದು ಮೊದಲ ಬಾರಿಗೆ ಗಾಳಿಗೆ ಜಿಗಿಯಿತು. ಬೀಳುತ್ತ ಏಳುತ್ತ, ಹದ್ದಿನ ಮರಿ ನುಗ್ಗಿ ಬಂದಿದ್ದ ದಾರಿಯಲ್ಲೇ ಹಾದು, ಎದುರಿನ ಕೊಂಬೆ ಹಿಡಿದು ನಡುಗುತ್ತ ಕೂತಿತು.

"ಈಗ ಬಾ. ಪ್ರಶ್ನೆ ಕೇಳುತ್ತೇನೆ" ಎಂದಿತು ಕಾಜಾಣ.

ಹದ್ದಿನ ಮರಿ ಒಳಗೆ ಬರಲಿಲ್ಲ. "ಇನ್ನೊಂದು ಮರಿ ಉಳಿದಿದೆಯಲ್ಲ, ಗುರುಗಳೇ. ಅದೂ ಹಾರಿ ಕೊಂಬೆ ಸೇರಲಿ, ಅಲ್ಲಿಯವರೆಗೆ ಕಾಯುತ್ತೇನೆ."

ಕೇಳುವುದಕ್ಕೆ ಕಾಜಾಣದ ಬಳಿ ಬೇರೆ ಪ್ರಶ್ನೆ ಉಳಿಯಲಿಲ್ಲ.