ಎದುರಾಳಿಯ ಐದು ನಿಮಿಷ

"ಹೊಳೆ ಎಲ್ಲಿ?"

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ತಲೆಯೆತ್ತಿದಳು. ಎದುರಿಗೆ ಬೆವರಿ ಕೆಂಪಾದ ಎತ್ತರದ ಬಿಳಿ ಹೆಂಗಸು, ಬೆನ್ನ ಮೇಲೆ ಅವಳಷ್ಟೇ ಉದ್ದದ ಚೀಲ.

"ಹೊಳೆ ಹಿಂದ್ಕೇ ಉಳ್ಕೊಂತಲ್ಲವ್ವ. ಅದ್ಕೆ ಬೆನ್ನು ಹಾಕ್ಕಂಡು ಎತ್ಲಾಗೆ ಹೊಂಟಿದ್ದೀಯ? ಯಾರು ಬೇಕಾಗಿತ್ತು?"

"ಸಂಪತ್ ಗುರುಗಳು. ಆಶ್ರಮ."

"ಓ, ಚೆಂಡಿನ ಸ್ವಾಮಿಗಳಾ!" ಹೆಂಗಸು ಕುಡುಗೋಲು ಕೆಳಗಿಟ್ಟು ನಕ್ಕಳು. "ಬೆನ್ನ ಮ್ಯಾಲಿರಾದೇನು, ವೀಣೆಯಾ?"

"ಬ್ಯಾಟು. ಆರು ಇವೆ."

"ಆರಾ? ಇರೋ ಕೈ ಎರಡೇ ಅಲ್ವಾ?"

ಸ್ವೆನ್ಯಾ ಲ್ಯೂಡರ್ಸ್ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು.

"ಹಿಂದ್ಕೆ ಹೋಗಿ ಪಂಪ್‌ಸೆಟ್ಟಿನ ತಾವ ಎಡಕ್ಕೆ ಇಳಿ. ಬಿರ್ನೆ ಹೋಗು ಮತ್ತೆ. ಸ್ವಾಮಿಗಳಿಗೆ ಎದೆ ಸರಿಯಿಲ್ಲ. ಮೊನ್ನೆ ಹೋಗೇಬುಟ್ರು ಅಂದ್ಕೊಂಡಿದ್ವಿ."

ಸ್ವೆನ್ಯಾ ಜರ್ಮನಿಯವಳು, ಟೆನಿಸ್ ಆಡಿ ಬದುಕುವವಳು. ಅವಳಿಗೆ ಬರುವ ಕನ್ನಡವೆಲ್ಲ ಸಂಪತ್ ಗುರುಗಳ ಬೈಗುಳದಿಂದ ಬಂದದ್ದು. ಮೈಸೂರು ಬಿಟ್ಟು ಹೋದ ಅವರು ಅವಳ ಪುಟ್ಟ ಊರಿನ ಕ್ಲಬ್ಬಿನಲ್ಲಿ ಬಹಳ ಕಾಲ ಮಕ್ಕಳಿಗೆ ಆಟ ಕಲಿಸಿದವರು. ಕಲಿಸುವುದು ಜರ್ಮನ್ ಭಾಷೆಯಲ್ಲಿ, ರೇಗುವುದು ಕನ್ನಡದಲ್ಲಿ. ಅವಳು ಎರಡನ್ನೂ ಕಲಿತಳು. ವಯಸ್ಸಾದ ಮೇಲೆ ಗುರುಗಳು ನಾಡಿಗೆ ಮರಳಿ ಈ ಹೊಳೆಯ ದಡದಲ್ಲಿ ಆಶ್ರಮ ಕಟ್ಟಿಕೊಂಡಿದ್ದರು.

ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಈಗ ಮೂವತ್ತೈದು. ಮೊದಲ ಸುತ್ತು ದಾಟದೆ ಎರಡು ವರ್ಷವಾಗಿತ್ತು. ಮಣಿಕಟ್ಟನ್ನು ಕೊಯ್ದು ಹೊಲಿದಿದ್ದರು, ಮತ್ತೆ ಕೊಯ್ದು ಹೊಲಿದಿದ್ದರು. ಜಗತ್ತೆಲ್ಲ ಸುತ್ತಿದ್ದಳು, ಏನನ್ನೂ ನೋಡಿರಲಿಲ್ಲ. ಹೋಟೆಲ್ ಕೋಣೆಯ ಪರದೆಯ ಬಣ್ಣ ಹೇಳಿದರೆ ಯಾವ ನಗರ ಎನ್ನಬಲ್ಲಳು, ಅಷ್ಟೇ.

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಬಿಸಿಲಿತ್ತು, ಆದರೂ ಕಂಬಳಿ.

"ದಪ್ಪಗಾಗಿದ್ದೀಯ," ಎಂದರು, ಜರ್ಮನ್ ಭಾಷೆಯಲ್ಲಿ.

"ನೀವು ಸಣ್ಣಗಾಗಿದ್ದೀರಿ."

"ಸಾಯ್ತಾ ಇದ್ದೀನಲ್ಲ, ಅದಕ್ಕೆ. ನೀನ್ಯಾಕೆ ಬಂದೆ?"

ಅವಳು ಚೀಲ ಇಳಿಸಿದಳು. "ನನ್ನ ಕೈಯಿಂದ ಆಟ ಹೋಗಿದೆ ಗುರುಗಳೇ. ಮುಂದಿನ ತಿಂಗಳು ಒಂದು ಪಂದ್ಯ ಇದೆ. ಅದರಲ್ಲೂ ಸೋತರೆ ಇನ್ನು ಯಾರೂ ಕರೆಯಲ್ಲ. ಸರಿ ಮಾಡಿಕೊಡಿ."

"ಅಭ್ಯಾಸ ಯಾರ ಜೊತೆ?"

"ಯಂತ್ರದ ಜೊತೆ. ಅದು ಚೆಂಡು ಎಸೆಯತ್ತೆ, ನಾನು ಹೊಡೀತೀನಿ."

"ಯಾಕೆ, ಮನುಷ್ಯರು ತುಟ್ಟಿಯಾ?"

ಅವಳು ಹೊಳೆ ನೋಡಿದಳು. "ನನ್ನ ಜೊತೆ ಯಾರೂ ಆಡಲ್ಲ."

ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದು ಅವರ ಮುಂದಿಟ್ಟಳು. ಒಳಗೆ ಶಾಲು, ಕೈಗಡಿಯಾರ. "ಗುರುದಕ್ಷಿಣೆ. ತಡವಾಯಿತು."

"ಶಾಲು ಚೆನ್ನಾಗಿದೆ," ಎಂದರು ಗುರುಗಳು. "ಆದರೆ ನಾನು ಕೇಳಿದ್ದು ಇದನ್ನಲ್ಲ."

ಅವರು ಕೇಳಿದ್ದೇನೆಂದು ಅವಳಿಗೆ ಗೊತ್ತಿತ್ತು.

ಟೆನಿಸ್ಸಿನಲ್ಲಿ ಒಂದು ಪದ್ಧತಿಯಿದೆ. ಪಂದ್ಯ ಶುರುವಾಗುವ ಮುಂಚೆ ಐದು ನಿಮಿಷ ಎದುರಾಳಿಗಳಿಬ್ಬರೂ ಒಬ್ಬರಿಗೊಬ್ಬರು ಚೆಂಡು ಕೊಟ್ಟುಕೊಳ್ಳುತ್ತಾರೆ. ಅಂಕವಿಲ್ಲ, ಸೋಲು ಗೆಲುವಿಲ್ಲ. ಆಮೇಲೆ ಹೇಗೂ ಒಬ್ಬರ ಜೀವ ಒಬ್ಬರು ಹಿಂಡುವವರೇ. ಅದಕ್ಕೆ ಮೊದಲು ಒಬ್ಬರ ಮೈ ಒಬ್ಬರು ಬಿಸಿ ಮಾಡಿಕೊಡುತ್ತಾರೆ.

ಅವಳು ಕ್ಲಬ್ ಬಿಟ್ಟು ದೊಡ್ಡ ಅಕಾಡೆಮಿಗೆ ಹೊರಟಾಗ ಗುರುಗಳು ಅದೊಂದನ್ನೇ ದಕ್ಷಿಣೆಯಾಗಿ ಕೇಳಿದ್ದರು. "ಆ ಐದು ನಿಮಿಷ ಎದುರಾಳಿಯದು. ಅವಳದನ್ನು ಅವಳಿಗೆ ಕೊಡು. ಮಿಕ್ಕಿದ್ದೆಲ್ಲ ನೀನೇ ಇಟ್ಟುಕೋ." ಅವಳು ಆಗಲಿ ಎಂದಿದ್ದಳು.

ಅಕಾಡೆಮಿಯ ತರಬೇತುದಾರ ಬೇರೆಯದನ್ನು ಕಲಿಸಿದ. ಐದು ನಿಮಿಷ ಯಾಕೆ ದಂಡ ಮಾಡ್ತೀಯ? ಆಗಲೇ ಹೆದರಿಸು. ಅವಳು ಹೆದರಿಸಿದಳು. ಎದುರಿಗಿದ್ದ ಹುಡುಗಿಯ ಕೈಗೆ ಸಿಗದಂತೆ ಮೊದಲ ಚೆಂಡನ್ನೇ ಮೂಲೆಗೆ ಬಾರಿಸಿದಳು. ಹುಡುಗಿಯರು ತಣ್ಣನೆಯ ಮೈಯಲ್ಲೇ ಆಟಕ್ಕಿಳಿದು ಸೋತರು. ಸುದ್ದಿ ಹರಡಿತು. ಬರಬರುತ್ತ ಅಭ್ಯಾಸಕ್ಕೆ ಕರೆದರೆ ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ವಿಮಾನದ ಹೊತ್ತು.

"ಅದರಿಂದಲೇ ನಾನು ಗೆದ್ದದ್ದು," ಎಂದಳು.

"ಗೊತ್ತು. ಟೀವಿಯಲ್ಲಿ ನೋಡ್ತಿದ್ದೆ. ಮೊದಲ ಐದು ನಿಮಿಷ ನೋಡಿ ಆರಿಸಿಬಿಡ್ತಿದ್ದೆ."

ಅವರು ಕಂಬಳಿ ಸರಿಸಿ ಎದ್ದರು. ಅಷ್ಟಕ್ಕೇ ಅವರಿಗೆ ಉಸಿರು ಸಾಲಲಿಲ್ಲ.

ಆಶ್ರಮದ ಹಿಂದೆ ಕೆಮ್ಮಣ್ಣು ತಟ್ಟಿ ಮಾಡಿದ ಅಂಕಣವಿತ್ತು. ಬಲೆ ಮೀನುಗಾರರು ಕೊಟ್ಟದ್ದು, ಇನ್ನೂ ಮೀನಿನ ವಾಸನೆ. ಗುರುಗಳು ಅವಳ ಚೀಲದಿಂದ ಒಂದು ರ‍್ಯಾಕೆಟ್ ಎಳೆದುಕೊಂಡು ಆಚೆ ತುದಿಯಲ್ಲಿ ನಿಂತರು.

"ಆಡಬಾರದು ಅಂದಿಲ್ಲವಾ ಡಾಕ್ಟರು?"

"ಓಡಬಾರದು ಅಂದಿದ್ದಾರೆ. ನಾನು ಓಡಲ್ಲ, ನಿಂತಿರ್ತೀನಿ. ನೀನು ನಾನಿರೋ ಕಡೆ ಕೊಡು."

ಇಷ್ಟೇ ತಾನೇ ಎಂದುಕೊಂಡು ಅವಳು ಹೊಡೆದಳು.

ಚೆಂಡು ಬಲ ಮೂಲೆಗೆ ಹೋಗಿ ಬೇಲಿ ಸೇರಿತು.

"ತಪ್ಪಾಯ್ತು. ನಾನು ತರ್ತೀನಿ."

"ಅಲ್ಲೇ ನಿಂತ್ಕೊಳೇ, ಮಂಕೇ!" ಇದು ಕನ್ನಡದಲ್ಲಿ.

ಗುರುಗಳೇ ಹೋದರು. ಒಂದೊಂದೇ ಹೆಜ್ಜೆ. ಬೇಲಿಯ ಮುಳ್ಳಿನೊಳಗೆ ಕೈ ಹಾಕಿ ಚೆಂಡು ತೆಗೆದು, ಬಂದು, ಬಲೆಯ ಮೇಲಿಂದ ಅವಳಿಗೆ ಎಸೆದರು. ಕೈಯಲ್ಲಿ ರಕ್ತದ ಗೀರು.

ಈ ಸಲ ಅವಳು ಎಚ್ಚರ ವಹಿಸಿದಳು. ಚೆಂಡು ಎಡಮೂಲೆಗೆ ಹೋಯಿತು.

ಅವಳು ತನ್ನ ಕೈಯನ್ನೇ ನೋಡಿಕೊಂಡಳು. ಇಷ್ಟು ವರ್ಷ ಅವಳ ಕಣ್ಣು ಎದುರಿಗಿದ್ದ ಮನುಷ್ಯರನ್ನು ನೋಡಿಯೇ ಇರಲಿಲ್ಲ. ಅವರಿಲ್ಲದ ಜಾಗವನ್ನು ನೋಡಿತ್ತು. ಕಣ್ಣು ಹೋದಲ್ಲಿಗೆ ಕೈ ಹೋಗುತ್ತಿತ್ತು.

ಗುರುಗಳು ಮತ್ತೆ ಹೋದರು. ಈ ಸಲ ಮರಳಿ ಬರಲಿಲ್ಲ.

ಅವಳು ಓಡಿ ಹೋಗಿ ನೋಡಿದರೆ ಬೇಲಿಯ ಬುಡದಲ್ಲಿ ಚೆಂಡು ಹಿಡಿದು ಕೂತಿದ್ದರು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಸಾಕು," ಎಂದಳು ಸ್ವೆನ್ಯಾ. "ಬನ್ನಿ, ಮಲಗಿ. ನನಗೆ ಇದು ಬರಲ್ಲ. ಬೇರೆಲ್ಲ ಬರತ್ತೆ, ಇದು ಬರಲ್ಲ."

"ಅದನ್ನ ಹೇಳೋಕೆ ಇಷ್ಟು ದೂರ ಬಂದೆಯಾ?"

"ನಿಮಗೇನಾದರೂ ಆದರೆ?"

"ಆಗತ್ತೆ. ಇನ್ನೊಂದು ಸಲ ಈ ಬೇಲಿವರೆಗೆ ನಡೆದರೆ ಆಗಿಯೇ ಆಗತ್ತೆ." ಅವರು ಕೈ ಚಾಚಿದರು. "ಏಳಿಸು."

"ಬೇಡ ಗುರುಗಳೇ."

"ಬಾಕಿ ಇಟ್ಟುಕೊಂಡವಳು ನೀನು. ಬೇಡ ಅನ್ನೋಕೆ ನೀನ್ಯಾರೇ? ಏಳಿಸು."

ಅವಳು ಏಳಿಸಿದಳು. ಅವರ ತೋಳು ಅವಳ ರ‍್ಯಾಕೆಟ್ಟಿನ ಹಿಡಿಯಷ್ಟೇ ತೆಳ್ಳಗೆ ಎನಿಸಿತು.

ತನ್ನ ಜಾಗಕ್ಕೆ ಹೋಗಿ ನಿಂತು ಅವಳು ಎದುರಿಗೆ ನೋಡಿದಳು. ಮೂಲೆಗಳು ಎರಡೂ ಖಾಲಿ, ಎರಡೂ ಕರೆಯುತ್ತಿದ್ದವು. ಅವನ್ನು ಬಿಟ್ಟು ಮುದುಕನನ್ನು ನೋಡಿದಳು. ಎಡಗಾಲು ಸ್ವಲ್ಪ ಹೊರಕ್ಕೆ ತಿರುಗಿದೆ. ಹಾಗಾದರೆ ಬಲಕ್ಕೆ ಬಾಗಲಾಗದು. ರ‍್ಯಾಕೆಟ್ಟನ್ನು ಎರಡು ಕೈಯಲ್ಲಿ ಹಿಡಿದಿದ್ದಾರೆ, ಸೊಂಟದ ಎತ್ತರಕ್ಕೆ. ಹಾಗಾದರೆ ಸೊಂಟಕ್ಕೇ ಬರಬೇಕು, ಮೆತ್ತಗೆ. ಕಣ್ಣು ಕಿರಿದು ಮಾಡಿದ್ದಾರೆ. ಬಿಸಿಲು ಚುಚ್ಚುತ್ತಿದೆ. ಹಾಗಾದರೆ ತಗ್ಗಿನಲ್ಲಿ.

ಹೊಡೆದಳು.

ಚೆಂಡು ಪುಟಿದು, ಅವರ ರ‍್ಯಾಕೆಟ್ಟಿಗೆ ತಾನಾಗಿ ಬಂದು ತಾಗಿತು. ಅವರು ಅಲ್ಲಾಡಲಿಲ್ಲ. ಚೆಂಡು ವಾಪಸ್ಸು ಬಂತು.

ಅವಳು ಮತ್ತೆ ಕೊಟ್ಟಳು. ಅದೂ ಬಂತು.

ಮಣಿಕಟ್ಟು ಉರಿಯುತ್ತಿತ್ತು. ಬಾರಿಸುವುದಕ್ಕಿಂತ ಮೆತ್ತಗೆ ಕೊಡುವುದಕ್ಕೇ ಹೆಚ್ಚು ನೋವು. ನಡುವೆ ಒಮ್ಮೆ ಎಡಮೂಲೆ ಅಂಗೈಯಷ್ಟು ಹತ್ತಿರ ಬಂದಂತಾಗಿ, ಕೈ ತಿರುಗಿಯೇಬಿಟ್ಟಿತ್ತು. ಹಲ್ಲು ಕಚ್ಚಿ ತಡೆದಳು. ಚೆಂಡು ವಾಲಿತಾದರೂ ಗುರುಗಳು ಅರ್ಧ ಹೆಜ್ಜೆ ಇಟ್ಟು ಹಿಡಿದರು. ಅವರು ಹುಬ್ಬು ಗಂಟಿಕ್ಕಿದ್ದು ಅವಳಿಗೆ ಕಂಡಿತು. ಎದುರಿಗಿರುವವರ ಹುಬ್ಬು ಕಾಣುವಷ್ಟು ಆ ದೂರ ಸಣ್ಣದು ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಹೋಗುತ್ತಿತ್ತು, ಬರುತ್ತಿತ್ತು. ಆಶ್ರಮದ ಅಡುಗೆಯವಳು ಹೊರಗೆ ಬಂದು, "ಅಯ್ಯೋ, ಸ್ವಾಮಿಗಳು ಆಡ್ತಾವ್ರೆ!" ಎಂದು ಸೆರಗು ಬಾಯಿಗೆ ಹಿಡಿದು ನಿಂತಳು.

ಕೊನೆಗೆ ಗುರುಗಳು ಬಂದ ಚೆಂಡನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದರು. ಬಲೆಯ ಕಂಬಕ್ಕೆ ಒರಗಿದರು. ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು; ಉಸಿರು ಮಾತ್ರ ಹರಿದ ಬಟ್ಟೆಯ ಹಾಗೆ ಸದ್ದು ಮಾಡುತ್ತಿತ್ತು.

ಅವಳು ಹತ್ತಿರ ಹೋಗಿ ಅವರ ಬೆನ್ನಿಗೆ ಕೈ ಕೊಟ್ಟಳು.

"ನನ್ನದು ಸಂದಾಯ ಆಯ್ತು," ಎಂದರು.

ಅವರನ್ನು ಮೆಲ್ಲಗೆ ನಡೆಸಿ ಹೊಳೆಯ ಮೆಟ್ಟಿಲ ಮೇಲೆ ಕೂರಿಸಿ ಅವಳು ಕೇಳಿದಳು, "ನನ್ನ ಆಟ ಸರಿಹೋಗತ್ತಾ?"

"ಇಲ್ಲ."

"ಪಂದ್ಯ?"

"ಎದುರಾಳಿ ಯಾರು?"

"ಯಾವಳೋ ಹೊಸಬಳು. ಹತ್ತೊಂಬತ್ತು ವರ್ಷ. ಹೆಸರೂ ನೆಟ್ಟಗೆ ಗೊತ್ತಿಲ್ಲ."

"ಅರೆದು ಹಾಕ್ತಾಳೆ ನಿನ್ನ."

"ಗೊತ್ತು." ಅವಳು ಅವರ ಹೆಗಲ ಮೇಲೆ ಶಾಲು ಹೊದಿಸಿದಳು. "ಮತ್ತೆ ಯಾಕೆ ಹೋಗಲಿ?"

ಗುರುಗಳು ಚೆಂಡನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ಆ ಹುಡುಗಿಯ ಐದು ನಿಮಿಷ ನಿನ್ನ ಹತ್ತಿರ ಇದೆ. ಕೊಟ್ಟು ಬಾ."