ಹೊನ್ನಮ್ಮನ ಮಡಕೆಗಳ ಮಂಟಪ

ಹೊಳೆಯ ದಡದಲ್ಲಿದ್ದ ವೀರಾಚಾರಿ ಐವತ್ತು ವರ್ಷ ಕಟ್ಟಡ ಕಟ್ಟಿದವರು. ಶಾಲೆ, ಸಂತೆಕಟ್ಟೆ, ನೀರಿನ ತೊಟ್ಟಿ. ನಡುನಡುವೆ, ಯಾರಾದರೂ ಕರೆದರೆ, ಹತ್ತು ದಿನದ ವಸ್ತುಪ್ರದರ್ಶನಕ್ಕೆ ಬಿದಿರಿನ ಮಂಟಪವನ್ನೂ ಹಾಕಿಕೊಡುತ್ತಿದ್ದರು.

ಶಿಷ್ಯ ನಾಗಲಿಂಗನಿಗೆ ಇದೊಂದು ಅರ್ಥವಾಗುತ್ತಿರಲಿಲ್ಲ.

“ಬಿಚ್ಚಿಹಾಕುವುದನ್ನು ಯಾಕೆ ಕಟ್ಟುತ್ತೀರಿ, ಗುರುಗಳೇ?”

“ಅಲ್ಲಿ ತಪ್ಪು ಬೇಗ ಕಾಣುತ್ತದೆ.”

ಆ ಮನೆತನದಲ್ಲಿ ಒಂದು ರೂಢಿ. ಗೋಡೆಯ ನೇರ ನೋಡುವ ತೂಗುಗುಂಡನ್ನು ಗುರು ತನ್ನ ಕೈಯಾರೆ ಕೊಡುವವರೆಗೆ ಶಿಷ್ಯ ಸ್ವಂತವಾಗಿ ಪಾಯ ಹಾಕುವಂತಿಲ್ಲ. ನಾಗಲಿಂಗ ಕಾಯತೊಡಗಿ ಹನ್ನೊಂದು ವರ್ಷವಾಗಿತ್ತು. ಆಚೆ ದಡದಲ್ಲಿ ದಾರಿಹೋಕರಿಗೆ ಒಂದು ಛತ್ರ ಆಗಬೇಕಿತ್ತು. ಅದನ್ನು ತಾನೇ ಕಟ್ಟಬೇಕೆಂದು ಅವನ ಆಸೆ.

“ಛತ್ರ ಆಮೇಲೆ,” ಎಂದರು ಗುರು. “ಮೊದಲು ಕುಂಬಾರರ ಹೊನ್ನಮ್ಮನ ಮಡಕೆಗಳಿಗೆ ಮಂಟಪ ಹಾಕು. ಹತ್ತು ದಿನ ಜನ ಬಂದು ನೋಡಲಿ. ಪಾಪ, ಕೈ ನಡುಗುತ್ತದೆ. ಇನ್ನು ತಿಗರಿ ತಿರುಗಿಸುವುದಿಲ್ಲವಂತೆ.”

ನಾಗಲಿಂಗ ಕಲಿತದ್ದನ್ನೆಲ್ಲ ಅದಕ್ಕೆ ಸುರಿದ. ಬಾಗಿಲಿಗೆ ಬಿದಿರಿನ ಎತ್ತರದ ಕಮಾನು. ಸುತ್ತ ಹೆಣೆದ ಜಾಲರಿ. ಜಾಲರಿಯಿಂದ ಒಳಗೆಲ್ಲ ಬಿಸಿಲಿನ ರಂಗೋಲಿ.

ಹೊನ್ನಮ್ಮ ಬಂದು ಸುತ್ತ ನೋಡಿದಳು.

“ಚೆನ್ನಾಗಿದೆ ಕಣಪ್ಪಾ. ನನ್ನ ಮಡಕೆಗಳು ಸ್ವಲ್ಪ ಹೆದರಿಕೊಂಡಿವೆ, ಅಷ್ಟೇ.”

ತಮಾಷೆ ಎಂದುಕೊಂಡು ಅವನು ನಕ್ಕ.

ಮೊದಲ ದಿನ ವೀರಾಚಾರಿ ಹೊರಬಾಗಿಲ ಬಳಿ ಒಂದು ಕಲ್ಲಿನ ಮೇಲೆ ಕುಳಿತರು. ಹೊರಗೆ ಬಂದವರಿಗೆಲ್ಲ ಒಂದೇ ಪ್ರಶ್ನೆ.

“ಏನು ನೋಡಿದಿರಿ?”

“ಅಬ್ಬಾ, ಆ ಕಮಾನು!”

“ನಮ್ಮ ಮಗಳ ಮದುವೆಗೆ ಇಂಥದ್ದೇ ಚಪ್ಪರ ಹಾಕಿಸಬೇಕು, ಆಚಾರ್ರೇ.”

“ಮಡಕೆ?”

“ಇದ್ದವು, ಇದ್ದವು.”

ಹಿಂದೆ ನಿಂತಿದ್ದ ನಾಗಲಿಂಗ ಮೊದಲು ಹಿಗ್ಗಿದ. ನಾಲ್ಕನೆಯ ಸಲ “ಇದ್ದವು” ಎಂದು ಕೇಳಿದಾಗ ಮುಖ ಸಪ್ಪಗಾಯಿತು.

“ಬಿಚ್ಚಿಬಿಡಲೇ?”

“ನನ್ನನ್ನು ಯಾಕೆ ಕೇಳುತ್ತೀ? ಮಡಕೆಗಳನ್ನು ಕೇಳು.”

ಮರುದಿನ ಅವನು ಒಳಗೆ ಮಡಕೆಗಳ ನಡುವೆ ಕುಳಿತ. ಬಿಸಿಲಿನ ಗೆರೆ ಬಿದ್ದ ಮಡಕೆಗಳು ಬಿರುಕು ಬಿಟ್ಟಂತೆ ಕಾಣುತ್ತಿದ್ದವು. ಜಾಲರಿ ತೆಗೆದ.

ಜನ ಮಡಕೆಯನ್ನು ದೂರದಿಂದ ನೋಡುವುದಿಲ್ಲ, ಬಗ್ಗಿ ಬಾಯೊಳಗೆ ಇಣುಕುತ್ತಾರೆ. ಎದೆಮಟ್ಟದ ಹಲಗೆಗಳನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದ.

ಬೆರಳಿನಿಂದ ತಟ್ಟಿ ಸದ್ದು ಕೇಳಲು ಅವರ ಕೈ ತಾನಾಗಿ ಮುಂದೆ ಬರುತ್ತಿತ್ತು. ಯಾರೂ ಮುಟ್ಟದಿರಲೆಂದು ಕಟ್ಟಿದ್ದ ಹಗ್ಗ ಬಿಚ್ಚಿದ.

ಕಮಾನು ಬಿಚ್ಚಲು ಮಾತ್ರ ಐದು ದಿನ ಬೇಕಾಯಿತು. ಅದರ ಗಂಟುಗಳೇನೂ ಬಿಗಿಯಾಗಿರಲಿಲ್ಲ.

ಹತ್ತನೆಯ ದಿನಕ್ಕೆ ಉಳಿದದ್ದು ನಾಲ್ಕು ಕಂಬ, ಮೇಲೊಂದು ಹುಲ್ಲಿನ ಮಾಡು, ಒಂದು ಕಡೆಯಿಂದ ಬರುವ ಬೆಳಕು.

ಒಬ್ಬ ಮುದುಕಿ ಹೊರಗೆ ಬಂದಳು.

“ಏನು ನೋಡಿದೆ, ತಾಯಿ?”

“ಒಂದು ಮೊಸರಿನ ಗಡಿಗೆ ಇದೆ ನೋಡಿ. ತಟ್ಟಿದರೆ ನಮ್ಮವ್ವನ ಅಡುಗೆಮನೆಯದೇ ಸದ್ದು.”

“ಮಂಟಪ ಹೇಗಿದೆ?”

“ಯಾವ ಮಂಟಪ?”

ಅವಳು ಹೋದ ಮೇಲೆ ನಾಗಲಿಂಗ ಗುರುಗಳ ಮುಂದೆ ಬಂದು ನಿಂತ.

“ಹನ್ನೊಂದು ವರ್ಷ ಕಲಿತದ್ದು ಇದಕ್ಕಾ, ಗುರುಗಳೇ?”

“ನನಗೆ ಇಪ್ಪತ್ತು ಹಿಡಿಯಿತು.”

ಸಂಜೆ ಇಬ್ಬರೂ ಸೇರಿ ಕಂಬ ಕಿತ್ತು, ಗುಂಡಿ ಮುಚ್ಚಿದರು. ಕೈ ತೊಳೆದುಕೊಂಡು ವೀರಾಚಾರಿ ಸೊಂಟದಿಂದ ತೂಗುಗುಂಡು ಬಿಚ್ಚಿ ಶಿಷ್ಯನ ಅಂಗೈಯಲ್ಲಿಟ್ಟರು.

“ಹೋಗು. ಛತ್ರದ ಪಾಯ ಹಾಕು.”

ನಾಗಲಿಂಗ ನಮಸ್ಕರಿಸಿದ. ಆದರೂ ಹೊರಡಲಿಲ್ಲ.

“ಇಲ್ಲಿ ಮಡಕೆಗಳಿದ್ದವು, ಅವನ್ನು ಕೇಳಿ ಕಟ್ಟಿದೆ. ಖಾಲಿ ಛತ್ರದಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಅಲ್ಲಿ ಯಾವುದಕ್ಕೆ ಜಾಗ ಮಾಡಿಕೊಡಲಿ, ಗುರುಗಳೇ?”

ಗುರು ಆಚೆ ದಡದ ದಾರಿಯತ್ತ ನೋಡಿದರು.

“ನಡೆದು ದಣಿದವರ ನಿದ್ದೆಗೆ.”